ದೇಹದ ಕೆಲಸ, ದೇಹದ ಪರೀಕ್ಷೆ: ಆರೋಗ್ಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್, ಮೆಡಿಕಲ್, ಫಿಸಿಯೋಥೆರಪಿ, ಪ್ಯಾರಾಮೆಡಿಕಲ್, ಯಾವ ಕೋರ್ಸ್ ಆದರೂ ಸರಿ, ಮೊದಲ ಒಂದೆರಡು ವರ್ಷದಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಬೇರೆ ಹೇಳದಿದ್ದ ಕಡೆ, ಅಂಕಿಗಳೆಲ್ಲ ವಿಶ್ರಾಂತಿಯಲ್ಲಿರುವ ವಯಸ್ಕರದ್ದು ಎಂದು ತಿಳಿಯಿರಿ.

ಶರೀರಕ್ರಿಯಾಶಾಸ್ತ್ರ ಪರೀಕ್ಷೆಗೆ ಓದಿ ಮರೆಯುವ ವಿಷಯ ಅಲ್ವಾ? ವಾರ್ಡಿನಲ್ಲಿ ಅದು ನಿಜಕ್ಕೂ ಬೇಕಾಗುತ್ತದಾ?

ಬೇಕಾಗುತ್ತದೆ, ಮೊದಲ ದಿನದಿಂದಲೇ. ಅಪಘಾತವಾಗಿ ಬಂದ ಒಬ್ಬ ಯುವಕ ಇದ್ದಾನೆ ಅಂದುಕೊಳ್ಳಿ. ಬಿಪಿ 118/90. ನಾಡಿ 124. ಕೈ ತಣ್ಣಗಿದೆ, ಹಣೆಯ ಮೇಲೆ ಬೆವರಿದೆ, ಮಲಗಿದಲ್ಲಿ ಸುಮ್ಮನಿರುತ್ತಿಲ್ಲ. "ಬಿಪಿ ನಾರ್ಮಲ್" ಎಂದು ಬರೆದು ಮುಂದಿನ ಮಂಚಕ್ಕೆ ಹೋಗುವವರು ಇದ್ದಾರೆ. ಈ ಹುಡುಗ ಒಳಗೆಲ್ಲೋ ರಕ್ತ ಕಳೆದುಕೊಳ್ಳುತ್ತಿರಬಹುದು.

ಲೆಕ್ಕ ಹೀಗೆ. ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತ ಅಂದರೆ ಬಡಿತದ ಸಂಖ್ಯೆಯನ್ನು ಒಂದು ಬಡಿತಕ್ಕೆ ಹೊರಬೀಳುವ ರಕ್ತದಿಂದ ಗುಣಿಸಿದ್ದು. 70 ಬಡಿತ, ಪ್ರತಿ ಬಡಿತಕ್ಕೆ 70 ಎಂಎಲ್, ಒಟ್ಟು 4900 ಎಂಎಲ್. ಸುಮಾರು 5 ಲೀಟರ್. ರಕ್ತ ಸೋರಿದರೆ ಹೃದಯಕ್ಕೆ ವಾಪಸ್ ಬರುವ ರಕ್ತವೇ ಕಮ್ಮಿ, ಹಾಗಾಗಿ ಪ್ರತಿ ಬಡಿತಕ್ಕೆ ಹೊರಬೀಳುವುದೂ ಕಮ್ಮಿ. ಕತ್ತಿನ ಕೆರೋಟಿಡ್ ರಕ್ತನಾಳದಲ್ಲಿ ಮತ್ತು ಮಹಾಪಧಮನಿಯ ಕಮಾನಿನಲ್ಲಿ ಒತ್ತಡವನ್ನು ಗಮನಿಸುವ ನರತುದಿಗಳಿವೆ. ಅವು ಕೂಡಲೇ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ತುರ್ತಿಗೆ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ, ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಬಿಗಿಯಾಗುತ್ತವೆ. ಕೈ ತಣ್ಣಗಾಗಿದ್ದು ಅದಕ್ಕೇ. ನಾಳಗಳು ಬಿಗಿಯಾದ್ದರಿಂದ ಕೆಳಗಿನ ಬಿಪಿ ಮೇಲೇರುತ್ತದೆ, ಎರಡರ ನಡುವಿನ ಅಂತರ ಕುಗ್ಗುತ್ತದೆ. 118/90ರಲ್ಲಿ ಆ ಅಂತರ ಬರೀ 28. ಮಾಮೂಲಿಯಾಗಿ 40ರ ಆಸುಪಾಸು ಇರಬೇಕು.

ಆರೋಗ್ಯವಂತ ಯುವಕರಲ್ಲಿ ಒಟ್ಟು ರಕ್ತದ 15ರಿಂದ 30 ಶೇಕಡಾ ಹೋದರೂ ಮೇಲಿನ ಬಿಪಿ ಹಾಗೇ ನಿಂತಿರಬಹುದು. ಅದು ಬಿದ್ದಾಗ ದೇಹದ ಹತ್ತಿರ ಇದ್ದ ಉಪಾಯಗಳೆಲ್ಲ ಮುಗಿದಿರುತ್ತವೆ. ಆದ್ದರಿಂದ ಅಂಕಿಯನ್ನು ಒಂಟಿಯಾಗಿ ಓದಬೇಡಿ. ನಾಡಿ, ಚರ್ಮ, ಉಸಿರು, ಮೂತ್ರ, ಮುಖ, ಎಲ್ಲವನ್ನೂ ಒಟ್ಟಿಗೆ ಓದಿ.

ಹೋಮಿಯೋಸ್ಟಾಸಿಸ್ ಅಂದರೆ ಒಂದೇ ಸಾಲಿನಲ್ಲಿ ಏನು?

ಹೊರಗೆ ಏನೇ ಬದಲಾದರೂ ಒಳಗಿನ ಸ್ಥಿತಿಯನ್ನು ಒಂದು ಮಿತಿಯೊಳಗೆ ಹಿಡಿದಿಟ್ಟುಕೊಳ್ಳುವ ದೇಹದ ಕೆಲಸ. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಈ ಹೆಸರು ಕೊಟ್ಟರು. ಬಹುಪಾಲು ಇದು ನಡೆಯುವುದು ನೆಗೆಟಿವ್ ಫೀಡ್‌ಬ್ಯಾಕ್‌ನಿಂದ: ಏರಿದ್ದನ್ನು ಇಳಿಸು, ಇಳಿದಿದ್ದನ್ನು ಏರಿಸು. ಪಾಸಿಟಿವ್ ಫೀಡ್‌ಬ್ಯಾಕ್ ಅಪರೂಪ. ಹೆರಿಗೆಯಲ್ಲಿ ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟುವುದು, ಈ ಎರಡು ಉದಾಹರಣೆ ನೆನಪಿದ್ದರೆ ವೈವಾಗೆ ಸಾಕು.

ದೈಹಿಕ ಪರೀಕ್ಷೆಯನ್ನು ಎಲ್ಲಿಂದ ಶುರು ಮಾಡಬೇಕು?

ಬಾಗಿಲಿಂದ. ರೋಗಿಯ ಹತ್ತಿರ ಹೋಗುವಷ್ಟರಲ್ಲೇ ಅರ್ಧ ವಿಷಯ ಗೊತ್ತಾಗಿರುತ್ತದೆ. ಕೂತಿದ್ದಾರಾ, ಮಲಗಿದ್ದಾರಾ? ಪೂರ್ತಿ ವಾಕ್ಯ ಆಡುತ್ತಾರಾ, ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಾರಾ? ಮುಂದಕ್ಕೆ ಬಾಗಿ ಮಂಡಿಯ ಮೇಲೆ ಕೈ ಊರಿ ಕೂತಿದ್ದರೆ ಉಸಿರಿಗೆ ಕಷ್ಟವಿದೆ ಎಂದರ್ಥ. ಹೊಟ್ಟೆ ಹಿಡಿದುಕೊಂಡು ಒಂದಿಷ್ಟೂ ಅಲುಗಾಡದೆ ಮಲಗಿದ್ದರೆ ಪೆರಿಟೋನಿಯಮ್ (ಹೊಟ್ಟೆಯ ಒಳಪೊರೆ) ಉರಿಯೂತದ ಅನುಮಾನ ಬರಬೇಕು. ಅದೇ ಹೊಟ್ಟೆನೋವಿನಲ್ಲಿ ಒಂದು ಕಡೆ ನಿಲ್ಲಲಾರದೆ ಹೊರಳಾಡುತ್ತಿದ್ದರೆ ಕಿಡ್ನಿ ಕಲ್ಲಿನ ಕಡೆ ಯೋಚನೆ ಹೋಗುತ್ತದೆ.

ಆಮೇಲೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ, ಏನು ಮಾಡುತ್ತೀರಿ ಎಂದು ತಿಳಿಸಿ, ಒಪ್ಪಿಗೆ ಕೇಳಿ. ಕೈ ತೊಳೆಯಿರಿ. ಪರದೆ ಎಳೆಯಿರಿ. ನೋಡಬೇಕಾದ ಭಾಗದ ಬಟ್ಟೆ ಮಾತ್ರ ಸರಿಸಿ. ಸಾಮಾನ್ಯವಾಗಿ ರೋಗಿಯ ಬಲಗಡೆ ನಿಲ್ಲುವುದು ರೂಢಿ.

ಪರೀಕ್ಷೆಯ ಕ್ರಮ: ನೋಡುವುದು, ಮುಟ್ಟುವುದು, ತಟ್ಟುವುದು, ಕೇಳುವುದು. ಹೊಟ್ಟೆಗೆ ಮಾತ್ರ ಬೇರೆ ಕ್ರಮ: ನೋಡಿ, ಕೇಳಿ, ಆಮೇಲೆ ತಟ್ಟಿ, ಕೊನೆಗೆ ಮುಟ್ಟಿ. ಮೊದಲೇ ಒತ್ತಿ ನೋಡಿದರೆ ಕರುಳಿನ ಸದ್ದು ಬದಲಾಗಬಹುದು, ನೋವಿದ್ದವರು ಹೊಟ್ಟೆ ಬಿಗಿಹಿಡಿದು ಮುಂದಿನ ಪರೀಕ್ಷೆಯೇ ಕಷ್ಟವಾಗಬಹುದು. ನೋವಿರುವ ಜಾಗ ಯಾವುದು ಎಂದು ಮೊದಲೇ ಕೇಳಿ, ಅದನ್ನು ಕೊನೆಗೆ ಮುಟ್ಟಿ. ಒತ್ತುವಾಗ ನಿಮ್ಮ ಕಣ್ಣು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿರಲಿ.

ನಾಡಿಯನ್ನು ಹೆಬ್ಬೆರಳಲ್ಲಿ ನೋಡಬಾರದು ಅನ್ನುತ್ತಾರೆ. ಯಾಕೆ?

ಹೆಬ್ಬೆರಳಲ್ಲಿ ನಿಮ್ಮದೇ ನಾಡಿ ಬಲವಾಗಿ ಬಡಿಯುತ್ತದೆ, ರೋಗಿಯದ್ದು ಎಂದು ಅದನ್ನೇ ಎಣಿಸಿಬಿಡುವ ಸಾಧ್ಯತೆ ಇದೆ. ತೋರುಬೆರಳು, ನಡುಬೆರಳಿನ ತುದಿಯನ್ನು ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಮೂಳೆಯ ಪಕ್ಕ ಇಡಿ. ಮೆಲ್ಲಗೆ ಒತ್ತಿ. ಜಾಸ್ತಿ ಒತ್ತಿದರೆ ನಾಡಿ ಮಾಯವಾಗುತ್ತದೆ.

60ರಿಂದ 100 ಮಾಮೂಲಿ. ಲಯ ಸರಿಯಿದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಲಯ ತಪ್ಪಿದೆ ಅನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಸಂಖ್ಯೆ ಬರೆದರೆ ಮುಗಿಯಲಿಲ್ಲ. ಲಯ, ಬಲ, ಎರಡೂ ಕೈಯಲ್ಲಿ ಸಮವಾಗಿದೆಯಾ ಎಂಬುದನ್ನೂ ಬರೆಯಿರಿ.

ಬಡಿತ ಯಾವ ಕ್ರಮವೂ ಇಲ್ಲದೆ ಹೆಚ್ಚುಕಡಿಮೆ ಆಗುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಇರಬಹುದು. ಆಗ ಒಬ್ಬರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ಇನ್ನೊಬ್ಬರು ಮಣಿಕಟ್ಟು ಹಿಡಿದು, ಒಂದೇ ನಿಮಿಷ ಒಟ್ಟಿಗೆ ಎಣಿಸಬೇಕು. ಎದೆಯಲ್ಲಿ 110, ಕೈಯಲ್ಲಿ 92 ಬಂದರೆ ಆ 18 ಬಡಿತಗಳು ಕೈಯವರೆಗೆ ತಲುಪಲೇ ಇಲ್ಲ. ವೆಂಟ್ರಿಕಲ್ (ಹೃದಯದ ಕೆಳಗಿನ ಕೋಣೆ) ತುಂಬುವ ಮೊದಲೇ ಬಡಿದು, ಸಾಕಷ್ಟು ರಕ್ತ ಹೊರಬೀಳದೆ ಹೋದ ಬಡಿತಗಳವು.

ಕತ್ತಿನ ಎರಡೂ ಕಡೆಯ ಕೆರೋಟಿಡ್ ನಾಡಿಯನ್ನು ಒಟ್ಟಿಗೆ ಒತ್ತಬೇಡಿ. ಮೆದುಳಿಗೆ ಹೋಗುವ ರಕ್ತ ತಗ್ಗಬಹುದು, ಬಡಿತವೂ ಕುಸಿಯಬಹುದು.

ಉಸಿರಾಟ ಎಣಿಸುವುದು ಅಷ್ಟು ಮುಖ್ಯವಾ? ಹೆಚ್ಚಿನ ಚಾರ್ಟ್‌ಗಳಲ್ಲಿ 18, 20 ಅಂತಲೇ ಇರುತ್ತದಲ್ಲ.

ಹೌದು, ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿದೆಯೇನೋ ಅನಿಸುವಂತೆ! ಎಣಿಸದೆ ಅಂದಾಜಿನಲ್ಲಿ ಬರೆಯುವುದು ಈ ಒಂದು ಅಂಕಿಯಲ್ಲೇ ಜಾಸ್ತಿ. ಆದರೆ ರೋಗಿ ಹದಗೆಡುತ್ತಿದ್ದಾರೆ ಎಂಬ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಇಲ್ಲೇ.

12ರಿಂದ 20 ಮಾಮೂಲಿ. "ಉಸಿರು ಎಣಿಸುತ್ತೇನೆ" ಎಂದು ಹೇಳಿದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡಬೇಡಿ. ಹಾಗೇ ಹಿಡಿದುಕೊಂಡು ಎದೆ ಏಳುವುದನ್ನು ಎಣಿಸಿ.

ಈಗ ಆಳದ ವಿಷಯ. ಒಂದು ಉಸಿರಿಗೆ ಸುಮಾರು 500 ಎಂಎಲ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ 150 ಎಂಎಲ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ವಾಪಸ್ ಬರುತ್ತದೆ. ರಕ್ತಕ್ಕೆ ಅದರಿಂದ ಪ್ರಯೋಜನವಿಲ್ಲ. ನಿಮಿಷಕ್ಕೆ 12 ಉಸಿರಾದರೆ ಒಟ್ಟು 6 ಲೀಟರ್, ಅದರಲ್ಲಿ ಗಾಳಿಗೂಡುಗಳಿಗೆ ತಲುಪುವುದು 4.2 ಲೀಟರ್. ಇನ್ನೊಬ್ಬರು ನಿಮಿಷಕ್ಕೆ 30 ಸಲ, ಪ್ರತಿ ಸಲ ಬರೀ 200 ಎಂಎಲ್ ಎಳೆಯುತ್ತಿದ್ದಾರೆ. ಒಟ್ಟು ಅದೇ 6 ಲೀಟರ್. ಗಾಳಿಗೂಡಿಗೆ ತಲುಪುವುದು ಮಾತ್ರ 50 ಎಂಎಲ್‌ನಂತೆ 30 ಸಲ, ಅಂದರೆ 1.5 ಲೀಟರ್. ಬೇಗಬೇಗ, ಮೇಲುಮೇಲಿನ ಉಸಿರು ಯಾಕೆ ಅಪಾಯ ಎಂಬುದು ಈ ಗುಣಾಕಾರದಲ್ಲೇ ಇದೆ.

ಉಸಿರಿನ ವೇಗವನ್ನು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಅಲ್ಲ. ಕಾರ್ಬನ್ ಡೈಆಕ್ಸೈಡ್ ಏರಿದರೆ ಮೆದುಳಿನ ಬುಡದ ಮೆಡುಲ್ಲಾ ಭಾಗದ ಗ್ರಾಹಕಗಳು ಆಮ್ಲೀಯತೆಯ ಬದಲಾವಣೆ ಹಿಡಿದು ಉಸಿರು ಹೆಚ್ಚಿಸುತ್ತವೆ. ರಕ್ತದ ಆಕ್ಸಿಜನ್ ಒತ್ತಡ 60 ಎಂಎಂ ಪಾದರಸಕ್ಕಿಂತ ಕೆಳಗಿಳಿದಾಗ ಕತ್ತಿನ ಕೆರೋಟಿಡ್ ಗ್ರಾಹಕಗಳು ಜೋರಾಗಿ ಎಚ್ಚರಿಸುತ್ತವೆ. ಸಕ್ಕರೆ ಕಾಯಿಲೆಯವರ ರಕ್ತ ಆಮ್ಲೀಯವಾಗುವ ಡಯಾಬಿಟಿಕ್ ಕೀಟೋಅಸಿಡೋಸಿಸ್‌ನಲ್ಲಿ ಶ್ವಾಸಕೋಶ ಚೆನ್ನಾಗಿದ್ದರೂ ಆಳವಾದ, ಜೋರು ಉಸಿರು ಕಾಣುತ್ತದೆ. ರಕ್ತದ ಆಮ್ಲವನ್ನು ಉಸಿರಿನ ಮೂಲಕ ತಗ್ಗಿಸಲು ದೇಹ ಪಡುವ ಪಾಡು ಅದು.

ಬಿಪಿ ನೋಡುವ ಸರಿಯಾದ ವಿಧಾನ ಯಾವುದು? ಇಬ್ಬರು ನೋಡಿದರೆ ಎರಡು ಅಂಕಿ ಬರುತ್ತದೆ.

ಮೆಷಿನ್ ಸರಿಯಿದ್ದರೆ, ವ್ಯತ್ಯಾಸ ಬರುವುದು ಹೆಚ್ಚಾಗಿ ತಯಾರಿಯಲ್ಲಿ. ರೋಗಿ 5 ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಿರಬಾರದು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ತಡೆದುಕೊಂಡಿದ್ದರೆ ಹೋಗಿ ಬರಲಿ. ನೋಡುವಾಗ ಇಬ್ಬರೂ ಮಾತಾಡಬಾರದು.

ತೋಳು ಹೃದಯದ ಮಟ್ಟದಲ್ಲಿ, ಆಸರೆಯ ಮೇಲಿರಬೇಕು. ತೋಳು 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಬಿಪಿ ಸುಮಾರು 8 ಎಂಎಂ ಜಾಸ್ತಿ ತೋರುತ್ತದೆ. ಕಫ್ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ 40 ಶೇಕಡಾ, ಉದ್ದ 80 ಶೇಕಡಾ ಇರಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಇದೊಂದೇ ಕಾರಣಕ್ಕೆ ಬೇಡದ ಮಾತ್ರೆ ನುಂಗುವ ಪರಿಸ್ಥಿತಿ ಬರಬಹುದು, ಹಾಗಾಗಿ ಕಫ್ ಹುಡುಕುವ ಎರಡು ನಿಮಿಷಕ್ಕೆ ಬೇಸರ ಬೇಡ. ಶರ್ಟಿನ ಮೇಲೆ ಕಟ್ಟಬೇಡಿ. ಶರ್ಟಿನ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುತ್ತುವುದೂ ಬೇಡ.

ಮೊದಲು ಸ್ಟೆತೊಸ್ಕೋಪ್ ಇಲ್ಲದೆ, ಮಣಿಕಟ್ಟಿನ ನಾಡಿ ಹಿಡಿದು ಕಫ್ ಉಬ್ಬಿಸಿ. ನಾಡಿ ಎಲ್ಲಿ ಮಾಯವಾಯಿತೋ ಆ ಅಂಕಿ ನೆನಪಿಟ್ಟುಕೊಳ್ಳಿ. ಗಾಳಿ ಪೂರ್ತಿ ಬಿಡಿ. ಈಗ ಮೊಣಕೈ ಮಡಿಕೆಯಲ್ಲಿ ಬ್ರೇಕಿಯಲ್ ನಾಡಿಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ಆ ಅಂಕಿಗಿಂತ 20ರಿಂದ 30 ಮೇಲಕ್ಕೆ ಉಬ್ಬಿಸಿ, ಸೆಕೆಂಡಿಗೆ 2ರಿಂದ 3 ಎಂಎಂನಂತೆ ಇಳಿಸಿ. ಮೊದಲ ಟಪ್ ಸದ್ದು ಸಿಸ್ಟೋಲಿಕ್, ಅಂದರೆ ಮೇಲಿನ ಬಿಪಿ. ಸದ್ದು ಪೂರ್ತಿ ನಿಂತದ್ದು ಡಯಾಸ್ಟೋಲಿಕ್, ಅಂದರೆ ಕೆಳಗಿನ ಬಿಪಿ. ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ ಈ ಸದ್ದುಗಳನ್ನು 1905ರಲ್ಲಿ ವಿವರಿಸಿದರು. ಅದಕ್ಕೂ ಮೊದಲು, 1896ರಲ್ಲಿ ಇಟಲಿಯ ರೀವಾ-ರೋಚಿ ಕಫ್ ತಂದಾಗ, ಬೆರಳಿಗೆ ಸಿಗುವ ನಾಡಿಯಷ್ಟೇ ಆಧಾರವಾಗಿತ್ತು.

ಮೊದಲು ನಾಡಿ ಹಿಡಿಯುವ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲವು ಬಿಪಿ ರೋಗಿಗಳಲ್ಲಿ ಸದ್ದು ಶುರುವಾಗಿ, ನಡುವೆ ನಿಂತು, ಮತ್ತೆ ಕೇಳುತ್ತದೆ. 190ಕ್ಕೆ ಶುರುವಾದ ಸದ್ದು 170ಕ್ಕೆ ಮಾಯವಾಗಿ 150ಕ್ಕೆ ಮರಳಿತು ಅಂದುಕೊಳ್ಳಿ. ನೀವು 160ರವರೆಗೆ ಮಾತ್ರ ಉಬ್ಬಿಸಿದ್ದರೆ 150 ಎಂದು ಬರೆಯುತ್ತೀರಿ. ನಲವತ್ತು ಎಂಎಂ ತಪ್ಪು!

ಮೊದಲ ಸಲ ನೋಡುವಾಗ ಎರಡೂ ತೋಳಲ್ಲಿ ನೋಡಿ. ಜಾಸ್ತಿ ಬಂದ ಕಡೆಯದ್ದನ್ನು ಮುಂದೆಯೂ ಬಳಸಿ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡಿರುವ ಕೈಯಲ್ಲಿ ಬಿಪಿ ನೋಡಲೇಬಾರದು.

ಎದ್ದು ನಿಂತಾಗ ತಲೆ ಸುತ್ತುತ್ತದೆ ಅನ್ನುವವರಿಗೆ ಬಿಪಿ ಹೇಗೆ ನೋಡಬೇಕು?

5 ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ 1 ಮತ್ತು 3 ನಿಮಿಷಕ್ಕೆ ಇನ್ನೊಮ್ಮೆ ನೋಡಿ. 3 ನಿಮಿಷದೊಳಗೆ ಸಿಸ್ಟೋಲಿಕ್ 20 ಅಥವಾ ಡಯಾಸ್ಟೋಲಿಕ್ 10 ಇಳಿದರೆ ಆರ್ಥೋಸ್ಟಾಟಿಕ್ ಹೈಪೊಟೆನ್ಷನ್. ನಾಡಿಯನ್ನೂ ಜೊತೆಗೆ ಬರೆಯಿರಿ. ಬಿಪಿ ಇಳಿದು ನಾಡಿ ಚೆನ್ನಾಗಿ ಏರಿದ್ದರೆ ನೀರಿನಂಶ ಅಥವಾ ರಕ್ತ ಕಮ್ಮಿಯಾಗಿರಬಹುದು. ಬಿಪಿ ಇಳಿದರೂ ನಾಡಿ ಹಾಗೇ ಇದ್ದರೆ ನರಗಳ ತೊಂದರೆ ಅಥವಾ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ನಂಥ ಮಾತ್ರೆ ಕಾರಣವಿರಬಹುದು. ಪಕ್ಕದಲ್ಲೇ ನಿಂತಿರಿ, ಬಿದ್ದಾರು.

ಸರಾಸರಿ ಒತ್ತಡದ ಲೆಕ್ಕ ಯಾಕೆ ಎರಡರ ಮಧ್ಯದ ಅಂಕಿ ಅಲ್ಲ?

ಹೃದಯ ಹಿಂಡುವುದಕ್ಕಿಂತ ಸಡಿಲಾಗಿರುವ ಸಮಯ ಜಾಸ್ತಿ. ಅದಕ್ಕೇ ಡಯಾಸ್ಟೋಲಿಕ್‌ಗೆ ಹೆಚ್ಚು ತೂಕ: ಡಯಾಸ್ಟೋಲಿಕ್ ಜೊತೆ ಅಂತರದ ಮೂರನೇ ಒಂದು ಭಾಗ ಕೂಡಿಸಿ. 120/80ಕ್ಕೆ ಸುಮಾರು 93.

ಜ್ವರ ಬಂದಾಗ ಮೈ ಬಿಸಿಯಿದ್ದರೂ ಚಳಿ ಯಾಕೆ?

ಸೋಂಕಿನ ವಿರುದ್ಧ ಹೋರಾಡುವ ಕಣಗಳು ಬಿಡುವ ರಾಸಾಯನಿಕಗಳಿಂದ, ಮೈ ಶಾಖ ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಾಲಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ವಸ್ತು ಹೆಚ್ಚುತ್ತದೆ. ಅಲ್ಲಿ ನಿಗದಿಯಾಗಿದ್ದ ಮಟ್ಟ 37ರಿಂದ, ಉದಾಹರಣೆಗೆ, 39 ಡಿಗ್ರಿಗೆ ಏರುತ್ತದೆ. ಈಗ ಮೆದುಳಿನ ಪ್ರಕಾರ 37 ಅಂದರೆ ತಣ್ಣಗೆ! ಹಾಗಾಗಿ ಚರ್ಮದ ನಾಳಗಳು ಬಿಗಿಯಾಗುತ್ತವೆ, ಸ್ನಾಯು ನಡುಗಿ ಶಾಖ ಹುಟ್ಟಿಸುತ್ತವೆ. ಪ್ಯಾರಸಿಟಮಾಲ್ ಕೊಟ್ಟ ಮೇಲೆ ಆ ಮಟ್ಟ ಕೆಳಗಿಳಿಯುತ್ತದೆ, ಬೆವರು ಬಿಟ್ಟು ಜ್ವರ ಇಳಿಯುತ್ತದೆ.

ಬಿಸಿಲ ಹೊಡೆತದಲ್ಲಿ ಇದು ಹೀಗಲ್ಲ. ಅಲ್ಲಿ ಮಟ್ಟ ಬದಲಾಗಿರುವುದಿಲ್ಲ, ಶಾಖ ಹೊರಹಾಕಲು ದೇಹಕ್ಕೆ ಆಗುತ್ತಿರುವುದಿಲ್ಲ. ಹಾಗಾಗಿ ಪ್ಯಾರಸಿಟಮಾಲ್ ಕೆಲಸಕ್ಕೆ ಬಾರದು, ಮೈ ತಂಪು ಮಾಡುವುದೇ ದಾರಿ.

ಕಂಕುಳಲ್ಲಿ ಬಂದ ಅಂಕಿ ಬಾಯಿಯದ್ದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಮ್ಮಿ, ಗುದದ್ದು ಸುಮಾರು ಅಷ್ಟೇ ಜಾಸ್ತಿ. ಎಲ್ಲಿ ನೋಡಿದ್ದು ಎಂದು ಬರೆಯದೆ ಬರೀ ಅಂಕಿ ಬರೆದರೆ ಓದುವವರಿಗೆ ಗೊಂದಲ.

ಪಲ್ಸ್ ಆಕ್ಸಿಮೀಟರ್ 98 ತೋರಿಸಿದರೆ ಆಕ್ಸಿಜನ್ ವಿಷಯದಲ್ಲಿ ನಿಶ್ಚಿಂತೆ ಅಲ್ವಾ?

ಅಲ್ಲ. ಆ ಕ್ಲಿಪ್ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಎಂದು ಲೆಕ್ಕ ಹಾಕುತ್ತದೆ. ಒಟ್ಟು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಎಂಎಲ್ ಆಕ್ಸಿಜನ್ ಹೊರುತ್ತದೆ. ಹಿಮೋಗ್ಲೋಬಿನ್ 15 ಇದ್ದವರ 100 ಎಂಎಲ್ ರಕ್ತದಲ್ಲಿ ಸುಮಾರು 20 ಎಂಎಲ್ ಆಕ್ಸಿಜನ್. 7 ಇದ್ದವರಲ್ಲಿ ಸುಮಾರು 9. ಇಬ್ಬರಿಗೂ ಮೆಷಿನ್ 98 ಎಂದೇ ತೋರಿಸುತ್ತದೆ.

ಕಾರ್ಬನ್ ಮೊನಾಕ್ಸೈಡ್ ವಿಷವೇರಿದ್ದರೆ ಇನ್ನೂ ಮೋಸ. ಮಾಮೂಲಿ ಆಕ್ಸಿಮೀಟರ್ ಅದನ್ನೂ ಆಕ್ಸಿಜನ್ ಎಂದೇ ಎಣಿಸುತ್ತದೆ. ಹೊಗೆ ತುಂಬಿದ ಕೋಣೆಯಿಂದ ಬಂದವರ ವಿಷಯದಲ್ಲಿ ಈ ಅಂಕಿಯನ್ನು ನಂಬಬೇಡಿ. ನೇಲ್ ಪಾಲಿಶ್, ತಣ್ಣನೆ ಬೆರಳು, ನಡುಕ, ಬಿಪಿ ಕುಸಿತ, ಇವೆಲ್ಲ ಅಂಕಿ ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಎಂಬುದೂ ಗಮನದಲ್ಲಿರಲಿ.

95ರಿಂದ 100 ಮಾಮೂಲಿ. 90ಕ್ಕೆ ರಕ್ತದ ಆಕ್ಸಿಜನ್ ಒತ್ತಡ ಸುಮಾರು 60 ಎಂಎಂ. ಒತ್ತಡಕ್ಕೂ ಈ ಶೇಕಡಾಕ್ಕೂ ಇರುವ ಗ್ರಾಫ್ ಅಲ್ಲಿಂದ ಕೆಳಗೆ ಕಡಿದಾದ ಇಳಿಜಾರು. ಒತ್ತಡ ಸ್ವಲ್ಪ ಇಳಿದರೂ ಶೇಕಡಾ ದಡದಡನೆ ಬೀಳುತ್ತದೆ. ಕಾರ್ಬನ್ ಡೈಆಕ್ಸೈಡ್ ಶೇಖರವಾಗುವ ಅಪಾಯವಿರುವ ಸಿಒಪಿಡಿ (ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆ) ರೋಗಿಗಳಿಗೆ ಗುರಿ 88ರಿಂದ 92. ಅವರಿಗೆ 100 ಮಾಡಲು ಹೋಗಬೇಡಿ.

ಹೃದಯದ ಸದ್ದುಗಳಲ್ಲಿ ಮೊದಲನೆಯದು ಯಾವುದು, ಎರಡನೆಯದು ಯಾವುದು ಅಂತಲೇ ಗೊತ್ತಾಗಲ್ಲ. ಏನು ಮಾಡಲಿ?

ಕತ್ತಿನ ಒಂದು ಕಡೆ ಕೆರೋಟಿಡ್ ಮೇಲೆ ಬೆರಳಿಡಿ. ನಾಡಿಯ ಜೊತೆಗೇ ಕೇಳುವುದು ಮೊದಲ ಸದ್ದು. ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟ ಮುಚ್ಚುವಾಗ ಮೊದಲನೆಯದು, ಏಯೋರ್ಟಿಕ್ ಮತ್ತು ಪಲ್ಮನರಿ ಕವಾಟ ಮುಚ್ಚುವಾಗ ಎರಡನೆಯದು. ಹೃದಯದ ತುದಿಯ ಹತ್ತಿರ ಮೊದಲನೆಯದು ಜೋರು, ಎದೆಯ ಮೇಲ್ಭಾಗದಲ್ಲಿ ಎರಡನೆಯದು ಜೋರು.

ಜಾಗ ಹುಡುಕುವುದಕ್ಕೆ ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಾಡಿಸಿ. ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಹೋದರೆ ಎರಡನೇ ಪಕ್ಕೆಲುಬು, ಅದರ ಕೆಳಗಿನ ಸಂದು ಎರಡನೆಯದು. ಅಲ್ಲಿ ಬಲಕ್ಕೆ ಏಯೋರ್ಟಿಕ್, ಎಡಕ್ಕೆ ಪಲ್ಮನರಿ. ಎಡಗಡೆ ಎದೆಮೂಳೆಯ ಕೆಳ ಅಂಚಿನಲ್ಲಿ, ನಾಲ್ಕು-ಐದನೇ ಸಂದಿನಲ್ಲಿ ಟ್ರೈಕಸ್ಪಿಡ್. ಐದನೇ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಎಳೆದ ಗೆರೆಯ ಹತ್ತಿರ ಮೈಟ್ರಲ್. ಇವು ಕವಾಟಗಳು ಇರುವ ಜಾಗಗಳಲ್ಲ, ಅವುಗಳ ಸದ್ದು ಚೆನ್ನಾಗಿ ಕೇಳುವ ಜಾಗಗಳು. ಎಡ ವೆಂಟ್ರಿಕಲ್ ಹಿಗ್ಗಿದವರಲ್ಲಿ ತುದಿಯ ಬಡಿತ ಕೆಳಗೂ ಹೊರಗೂ ಸರಿದಿರುತ್ತದೆ.

ಸ್ಟೆತೊಸ್ಕೋಪಿನಲ್ಲಿ ದಪ್ಪ ಸದ್ದಿಗೆ ಬೆಲ್ (ಗಂಟೆಯಾಕಾರದ ಬದಿ), ಚೂಪು ಸದ್ದಿಗೆ ಡಯಾಫ್ರಮ್ (ಚಪ್ಪಟೆ ಬದಿ). ಬೆಲ್ ಅನ್ನು ಹಗುರವಾಗಿ ಇಡಿ, ಒತ್ತಿದರೆ ಚರ್ಮವೇ ಬಿಗಿಯಾಗಿ ಅದು ಡಯಾಫ್ರಮ್‌ನಂತೆ ಕೆಲಸ ಮಾಡುತ್ತದೆ. ಮೂರನೇ ಸದ್ದು, ಮೈಟ್ರಲ್ ಕವಾಟ ಕಿರಿದಾದಾಗಿನ, ಅಂದರೆ ಮೈಟ್ರಲ್ ಸ್ಟೆನೋಸಿಸ್‌ನ ಗುಡುಗು, ಇವು ಬೆಲ್‌ಗೇ ಸಿಗುವುದು, ಅದೂ ರೋಗಿ ಎಡಮಗ್ಗುಲಿಗೆ ತಿರುಗಿದಾಗ.

ಎದೆ ತಟ್ಟಿ ನೋಡುವುದನ್ನು ಇಂದಿಗೂ ಕಲಿಯಬೇಕಾ? ಎಕ್ಸ್‌ರೇ ಇದೆಯಲ್ಲ.

ಕಲಿಯಿರಿ. ಎಕ್ಸ್‌ರೇ ಬರುವ ಮುಂಚೆ ನಿಮ್ಮ ಬೆರಳು ಇರುತ್ತದೆ. ಆಸ್ಟ್ರಿಯಾದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಇದನ್ನು 1761ರಲ್ಲಿ ಪ್ರಕಟಿಸಿದರು. ಅವರು ಹೋಟೆಲ್ ನಡೆಸುವವರ ಮಗ. ಪೀಪಾಯಿ ತಟ್ಟಿ ಒಳಗೆ ಎಷ್ಟು ವೈನ್ ಇದೆ ಎಂದು ತಿಳಿಯುವುದನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರು ಎಂದು ಹೇಳುತ್ತಾರೆ.

ಎಡಗೈಯ ನಡುಬೆರಳನ್ನು ಎರಡು ಪಕ್ಕೆಲುಬಿನ ಸಂದಿನಲ್ಲಿ ಒತ್ತಿ ಇಡಿ, ಉಳಿದ ಬೆರಳು ಎದೆಗೆ ತಾಗದಿರಲಿ. ಬಲಗೈ ನಡುಬೆರಳಿನ ತುದಿಯಿಂದ ಅದರ ಕೊನೆಯ ಗೆಣ್ಣಿನ ಮೇಲೆ ತಟ್ಟಿ, ಕೂಡಲೇ ಎತ್ತಿ. ಚಲನೆ ಮಣಿಕಟ್ಟಿನಿಂದ ಬರಬೇಕು, ಮೊಣಕೈಯಿಂದಲ್ಲ. ಉಗುರು ಕತ್ತರಿಸಿಕೊಂಡಿರಿ, ಇಲ್ಲದಿದ್ದರೆ ನಿಮ್ಮ ಬೆರಳಿಗೇ ಗಾಯ.

ಗಾಳಿ ತುಂಬಿದ ಶ್ವಾಸಕೋಶ ಗುಂಯ್ ಎನ್ನುತ್ತದೆ. ನ್ಯುಮೋನಿಯಾದಲ್ಲಿ ಗಟ್ಟಿಯಾದ ಭಾಗ ಮಂದ. ಶ್ವಾಸಕೋಶದ ಹೊರಪೊರೆಯಾದ ಪ್ಲೂರಾದಲ್ಲಿ ನೀರು ತುಂಬಿದ್ದರೆ ಕಲ್ಲು ತಟ್ಟಿದಷ್ಟು ಮಂದ. ಎದೆಗೂಡಿಗೆ ಗಾಳಿ ನುಗ್ಗಿದ್ದರೆ ಅತಿಯಾದ ಗುಂಯ್. ಯಾವಾಗಲೂ ಎಡಬಲ ಹೋಲಿಸಿ. ನಿಮ್ಮ ತೊಡೆಯ ಮೇಲೆ ತಟ್ಟಿದರೆ ಮಂದ ಸದ್ದು, ಎದೆಯ ಮೇಲೆ ತಟ್ಟಿದರೆ ಗುಂಯ್ ಸದ್ದು, ಅಭ್ಯಾಸಕ್ಕೆ ಬೇರೆ ಯಾರೂ ಬೇಡ.

ಕ್ರ್ಯಾಕಲ್ಸ್, ವೀಜ್, ಸ್ಟ್ರೈಡರ್ ನಡುವೆ ಗೊಂದಲ. ಸುಲಭದ ದಾರಿ ಇದೆಯಾ?

ಸದ್ದು ಹೇಗೆ ಹುಟ್ಟುತ್ತದೆ ಎಂದು ಯೋಚಿಸಿ. ಮುಚ್ಚಿಕೊಂಡ ಸಣ್ಣ ನಾಳಗಳು ಪಟ್ಟನೆ ತೆರೆದುಕೊಂಡರೆ ಚಿಟಪಟ, ಅದು ಕ್ರ್ಯಾಕಲ್ಸ್. ಹೃದಯ ವೈಫಲ್ಯ, ನ್ಯುಮೋನಿಯಾದಲ್ಲಿ ಕೇಳುತ್ತದೆ. ಕಿರಿದಾದ ನಾಳದಲ್ಲಿ ಗಾಳಿ ನುಗ್ಗಿ ಸಿಳ್ಳೆಯಾದರೆ ವೀಜ್, ಹೆಚ್ಚಾಗಿ ಉಸಿರು ಬಿಡುವಾಗ. ಸ್ಟ್ರೈಡರ್ ಉಸಿರು ಎಳೆಯುವಾಗ, ಗಂಟಲ ಹತ್ತಿರ ಜೋರು. ಅದು ಕೇಳಿದರೆ ಎಣಿಸುತ್ತ ನಿಲ್ಲಬೇಡಿ, ಸಹಾಯಕ್ಕೆ ಕರೆಯಿರಿ.

ಆಸ್ತಮಾ ರೋಗಿಯ ಎದೆಯಲ್ಲಿ ಸಿಳ್ಳೆ ನಿಂತು ನಿಶ್ಶಬ್ದವಾದರೆ ಗುಣವಾಯಿತು ಎಂದುಕೊಳ್ಳಬೇಡಿ. ಸಿಳ್ಳೆ ಹೊಡೆಯುವಷ್ಟು ಗಾಳಿಯೂ ಓಡಾಡುತ್ತಿಲ್ಲದಿರಬಹುದು.

ಕರುಳಿನ ಸದ್ದು ಇಲ್ಲ ಎಂದು ಯಾವಾಗ ಬರೆಯಬಹುದು?

ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 30 ಸದ್ದು. ಬಲಗಡೆಯ ಕೆಳಭಾಗದಿಂದ ಶುರು ಮಾಡಿ. ಪೂರ್ತಿ 5 ನಿಮಿಷ ಕೇಳದೆ "ಇಲ್ಲ" ಎಂದು ಬರೆಯುವಂತಿಲ್ಲ.

ನೀಲಿಗಟ್ಟುವಿಕೆಯನ್ನು ಬೆರಳಲ್ಲಿ ನೋಡಬೇಕಾ, ನಾಲಿಗೆಯಲ್ಲಾ?

ಎರಡೂ ಕಡೆ. ಬೆರಳು ಮಾತ್ರ ನೀಲಿಯಾಗಿದ್ದರೆ ಚಳಿಯೋ, ರಕ್ತಸಂಚಾರ ನಿಧಾನವಾಗಿದ್ದೋ ಇರಬಹುದು. ನಾಲಿಗೆಯೂ ನೀಲಿಯಿದ್ದರೆ ರಕ್ತಕ್ಕೇ ಆಕ್ಸಿಜನ್ ಕಮ್ಮಿ. 100 ಎಂಎಲ್ ರಕ್ತದಲ್ಲಿ ಸುಮಾರು 5 ಗ್ರಾಂ ಹಿಮೋಗ್ಲೋಬಿನ್ ಆಕ್ಸಿಜನ್ ಕಳೆದುಕೊಂಡಾಗ ಬಣ್ಣ ಕಣ್ಣಿಗೆ ಬೀಳುತ್ತದೆ. ಹಿಮೋಗ್ಲೋಬಿನ್ನೇ 6 ಗ್ರಾಂ ಇರುವವರಲ್ಲಿ ನೀಲಿ ಕಾಣುವುದೇ ಕಷ್ಟ, ಆದ್ದರಿಂದ ತೀವ್ರ ರಕ್ತಹೀನತೆಯಲ್ಲಿ ಈ ಲಕ್ಷಣಕ್ಕೆ ಕಾಯಬೇಡಿ.

ಎಚ್ಚರದ ಮಟ್ಟ ಅಳೆಯುವ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಕನಿಷ್ಠ ಅಂಕ ಸೊನ್ನೆ ಯಾಕಲ್ಲ? ಒಟ್ಟು ಮಾತ್ರ ಬರೆದರೆ ಸಾಲದಾ?

ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ಪ್ರತಿಯೊಂದರಲ್ಲೂ ಕನಿಷ್ಠ 1, ಹಾಗಾಗಿ ಒಟ್ಟು ಕನಿಷ್ಠ 3, ಗರಿಷ್ಠ 15. ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ತಂದ ಅಳತೆಯಿದು.

ಒಟ್ಟು ಮಾತ್ರ ಬರೆದರೆ ಸಾಲದು. ಒಟ್ಟು 9 ಬೇರೆ ಬೇರೆ ರೀತಿ ಬರಬಹುದು. ಕಣ್ಣು 2, ಮಾತು 2, ಚಲನೆ 5 ಇರುವವರು ನೋವು ಕೊಟ್ಟ ಜಾಗಕ್ಕೆ ಕೈ ತರುತ್ತಾರೆ. ಕಣ್ಣು 4, ಮಾತು 3, ಚಲನೆ 2 ಇರುವವರು ನೋವಿಗೆ ಕೈಕಾಲು ಸೆಟೆದು ಚಾಚುತ್ತಾರೆ. ಇಬ್ಬರ ಮೆದುಳಿನ ಸ್ಥಿತಿ ಒಂದೇ ಅಲ್ಲ. ಗಂಟಲಿಗೆ ಟ್ಯೂಬ್ ಹಾಕಿದ್ದರೆ ಮಾತಿಗೆ ಅಂಕ ಕೊಡಲಾಗದು, ಅದನ್ನೂ ಬರೆಯಿರಿ. 8 ಅಥವಾ ಕೆಳಗಿದ್ದರೆ ಶ್ವಾಸನಾಳದ ರಕ್ಷಣೆಯ ಬಗ್ಗೆ ತಕ್ಷಣ ಹಿರಿಯರ ಜೊತೆ ಮಾತಾಡಬೇಕು.

ಜೊತೆಗೆ ಕಣ್ಣಪಾಪೆ ನೋಡಿ. ಒಂದು ಕಣ್ಣಿಗೆ ಟಾರ್ಚ್ ಬಿಟ್ಟರೆ ಎರಡೂ ಪಾಪೆ ಕುಗ್ಗಬೇಕು. ಸುದ್ದಿ ಒಯ್ಯುವುದು ಎರಡನೇ ಕಪಾಲ ನರ, ಕುಗ್ಗಿಸುವುದು ಮೂರನೆಯದು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪುತ್ತಿರುವವರಲ್ಲಿ ಒಂದು ಪಾಪೆ ದೊಡ್ಡದಾಗಿ ಬೆಳಕಿಗೂ ಅಲುಗದಿದ್ದರೆ ಅದು ತುರ್ತು.

ಮಂಡಿಗೆ ಹೊಡೆದರೆ ಕಾಲು ಅಲುಗುತ್ತಲೇ ಇಲ್ಲ. ನರ ಹೋಗಿದೆಯಾ?

ಮೊದಲು ನಿಮ್ಮ ಹೊಡೆತ ನೋಡಿ. ಕಾಲು ಸಡಿಲವಾಗಿ ತೂಗುತ್ತಿರಬೇಕು, ಸುತ್ತಿಗೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ಮೇಲೆ ಬೀಳಬೇಕು. ಆದರೂ ಬರದಿದ್ದರೆ ಎರಡೂ ಕೈಬೆರಳು ಕೊಂಡಿ ಹಾಕಿಕೊಂಡು ಜಗ್ಗಲು ಹೇಳಿ, ಅದೇ ಕ್ಷಣಕ್ಕೆ ಹೊಡೆಯಿರಿ. ಎಷ್ಟೋ ಸಲ ಬರುತ್ತದೆ.

ಮಂಡಿಯದ್ದು ಸೊಂಟದ 3-4ನೇ ನರಬೇರು, ಹಿಮ್ಮಡಿಯದ್ದು ಸೇಕ್ರಲ್ 1, ಬೈಸೆಪ್ಸ್ ಕತ್ತಿನ 5-6, ಟ್ರೈಸೆಪ್ಸ್ ಮುಖ್ಯವಾಗಿ ಕತ್ತಿನ 7. ಅಂಕ 0ಯಿಂದ 4ರವರೆಗೆ, 2 ಮಾಮೂಲಿ. ಎಡಬಲ ವ್ಯತ್ಯಾಸವೇ ಅಂಕಕ್ಕಿಂತ ಮುಖ್ಯ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಏಳುವುದು ವಯಸ್ಕರಲ್ಲಿ ಅಸಹಜ, ಎಳೆ ಕೂಸಿನಲ್ಲಿ ಸಹಜ.

ಮಕ್ಕಳಲ್ಲಿ, ವಯಸ್ಸಾದವರಲ್ಲಿ ಇದೇ ಅಂಕಿಗಳನ್ನು ಬಳಸಬಹುದಾ?

ಬೇಡ. ನವಜಾತ ಶಿಶುವಿನ ನಾಡಿ 110ರಿಂದ 160, ಉಸಿರು 30ರಿಂದ 60. ಪುಟ್ಟ ಹೃದಯಕ್ಕೆ ಒಂದು ಬಡಿತದಲ್ಲಿ ಹೆಚ್ಚು ರಕ್ತ ತಳ್ಳುವ ಶಕ್ತಿ ಅಷ್ಟಾಗಿ ಇಲ್ಲ, ಹಾಗಾಗಿ ಬಡಿತದ ಸಂಖ್ಯೆಯ ಮೇಲೇ ಆಧಾರ. ಶಿಶುವಿನ ಬಡಿತ ನಿಧಾನವಾದರೆ ಮೊದಲ ಅನುಮಾನ ಆಕ್ಸಿಜನ್ ಕೊರತೆ. ಕೂಸು ಹೊಟ್ಟೆಯಿಂದ ಉಸಿರಾಡುತ್ತದೆ, ಉಸಿರು ಏರುಪೇರಾಗಿಯೂ ಇರುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ, ಅಳುವ ಮೊದಲೇ.

ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಡುಸಾಗಿ ಸಿಸ್ಟೋಲಿಕ್ ಏರುತ್ತದೆ, ಡಯಾಸ್ಟೋಲಿಕ್ ಇಳಿಯಬಹುದು. ಸೋಂಕು ತೀವ್ರವಾಗಿದ್ದರೂ ಜ್ವರ ಬರದೇ ಇರಬಹುದು. ದಿಢೀರನೆ ಬಂದ ಗೊಂದಲವೇ ಏಕೈಕ ಸುಳಿವಾಗಿರಬಹುದು. "ಅಜ್ಜ ಇವತ್ತು ಯಾಕೋ ಸರಿಯಿಲ್ಲ" ಎಂದು ಮನೆಯವರು ಹೇಳಿದರೆ ಅದನ್ನು ಒಂದು ಲಕ್ಷಣವಾಗಿಯೇ ತೆಗೆದುಕೊಳ್ಳಿ.

ಅಂಕಿ ವಿಚಿತ್ರವಾಗಿ ಬಂದರೆ ಮೊದಲು ಏನು ಮಾಡಬೇಕು?

ಮೆಷಿನ್ ಬಿಟ್ಟು ರೋಗಿಯನ್ನು ನೋಡಿ. ಆಕ್ಸಿಮೀಟರ್ 70 ತೋರಿಸುತ್ತಿದೆ, ರೋಗಿ ಹರಟೆ ಹೊಡೆಯುತ್ತಿದ್ದಾರೆ: ಬೆರಳು ಬದಲಿಸಿ ನೋಡಿ. 96 ತೋರಿಸುತ್ತಿದೆ, ರೋಗಿ ಏದುಸಿರು ಬಿಡುತ್ತಿದ್ದಾರೆ: ಅಂಕಿಯಿಂದ ಸಮಾಧಾನ ಪಡಬೇಡಿ. ಬಿಪಿ ಅನುಮಾನವಿದ್ದರೆ ನೀವೇ ಕೈಯಿಂದ ಇನ್ನೊಮ್ಮೆ ನೋಡಿ. ಲಯ ತಪ್ಪಿದ ಹೃದಯದಲ್ಲಿ ಆಟೊಮ್ಯಾಟಿಕ್ ಬಿಪಿ ಮೆಷಿನ್ ಏರುಪೇರು ಅಂಕಿ ಕೊಡುವುದುಂಟು. ಆದರೂ ಅಂಕಿ ಅದೇ ಬಂದರೆ, ಮುಜುಗರ ಬೇಡ, ಹಿರಿಯರನ್ನು ಕರೆಯಿರಿ.

ಕಂಡದ್ದನ್ನು ಹೇಗೆ ಬರೆಯಬೇಕು?

ಕಂಡದ್ದನ್ನು ಬರೆಯಿರಿ, ಊಹೆಯನ್ನಲ್ಲ. "ಉಸಿರಾಟ ಸರಿಯಿದೆ" ಎನ್ನುವುದಕ್ಕಿಂತ "ನಿಮಿಷಕ್ಕೆ 26, ಆಳ ಕಡಿಮೆ, ಬಲ ಶ್ವಾಸಕೋಶದ ತಳದಲ್ಲಿ ಕ್ರ್ಯಾಕಲ್ಸ್" ಎನ್ನುವುದು ಮುಂದಿನ ಪಾಳಿಯವರಿಗೆ ಸಾವಿರ ಪಾಲು ಉಪಯೋಗ. ಬಿಪಿಯ ಜೊತೆ ಯಾವ ತೋಳು, ಕೂತಿದ್ದರೋ ಮಲಗಿದ್ದರೋ ಬರೆಯಿರಿ. ಆಕ್ಸಿಜನ್ ಅಂಕಿಯ ಜೊತೆ ರೂಮಿನ ಗಾಳಿಯೋ, ಎಷ್ಟು ಲೀಟರ್ ಆಕ್ಸಿಜನ್ ಮೇಲೋ ಬರೆಯಿರಿ. 4 ಲೀಟರ್ ಮೇಲೆ ಬಂದ 95 ಮತ್ತು ರೂಮಿನ ಗಾಳಿಯಲ್ಲಿ ಬಂದ 95 ಬೇರೆಬೇರೆ. ಮೂತ್ರದ ಲೆಕ್ಕವನ್ನು ಎಂಎಲ್‌ನಲ್ಲಿ ಬರೆಯಿರಿ, "ಆಗಿದೆ" ಎಂದಲ್ಲ. ಗಂಟೆಗೆ ಕೆಜಿ ತೂಕಕ್ಕೆ 0.5 ಎಂಎಲ್‌ಗಿಂತ ಕಮ್ಮಿಯಾಗುತ್ತಿದ್ದರೆ, ಅಂದರೆ 60 ಕೆಜಿಯವರಲ್ಲಿ ಗಂಟೆಗೆ 30 ಎಂಎಲ್‌ಗಿಂತ ಕೆಳಗಿದ್ದರೆ, ಚಾರ್ಟಿನಲ್ಲಿ ಬರೆದು ಸುಮ್ಮನಾಗದೆ ಬಾಯಲ್ಲೂ ಹೇಳಿ. ಸಮಯ ಹಾಕಿ, ಸಹಿ ಹಾಕಿ. ಪರೀಕ್ಷಿಸದ ಭಾಗದ ಮುಂದೆ "ನಾರ್ಮಲ್" ಎಂದು ಬರೆಯಬೇಡಿ, "ನೋಡಿಲ್ಲ" ಎಂದೇ ಬರೆಯಿರಿ.